ಪೋಲೊ ಕುದುರೆಗೆ ಮೊದಲು ಏನು ಕೊಳ್ಳಬೇಕು: ಕಾಲುಪಟ್ಟಿಯೋ, ಜೀನೋ, ಕಡಿವಾಣವೋ?

ಪ್ರಶ್ನೆ: ನಾನು ಪಾಂಡವಪುರದ ಕಡೆಯವನು. ಮೈಸೂರಿನ ರೇಸ್ ಕೋರ್ಸಿನಲ್ಲಿ ಓಡಿ ನಿವೃತ್ತಿಯಾದ, ಏಳು ವರ್ಷದ, ಥರೋಬ್ರೆಡ್ ಎಂಬ ಓಟದ ತಳಿಯ ಹೆಣ್ಣು ಕುದುರೆಯೊಂದನ್ನು ಕೊಂಡು, ವಿ.ಸಿ. ನಾಲೆಯ ಬದಿಯ ನಮ್ಮ ತೋಟದಲ್ಲಿ ಸಾಕುತ್ತಿದ್ದೇನೆ. ಸವಾರಿಯ ಅಭ್ಯಾಸವಿದೆ, ಈಗ ಅದನ್ನು ಪೋಲೊಗೆ ಪಳಗಿಸುವ ಆಸೆ. ಪರಿಚಿತರೊಬ್ಬರು ಅಶ್ವದಳದ ಮಾದರಿಯ ಹಳೆಯ ಜೀನನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಕುದುರೆ ಓಟ ಹಿಡಿದರೆ ನಿಲ್ಲುವುದಿಲ್ಲವಾದ್ದರಿಂದ ಗಟ್ಟಿ ಕಡಿವಾಣ ಹಾಕಿ ಎಂಬುದು ಇನ್ನೊಬ್ಬರ ಸಲಹೆ. ರೇಸಿನಲ್ಲಿ ಹಾಕುತ್ತಿದ್ದ ಬ್ಲಿಂಕರ್, ಅಂದರೆ ಕಣ್ಣಿನ ಮರೆ, ನನ್ನ ಬಳಿಯೇ ಇದೆ. ಎಡ ಮುಂಗಾಲಿನ ಹಿಂಬದಿಯಲ್ಲಿ ಹಳೆಯ ಊತದ ಗುರುತೊಂದಿದೆ, ಆದರೆ ಕುಂಟುವುದಿಲ್ಲ. ಕೈಯಲ್ಲಿರುವ ಹಣಕ್ಕೆ ಎಲ್ಲವನ್ನೂ ಒಮ್ಮೆಗೇ ಕೊಳ್ಳಲಾಗದು. ಮೊದಲು ಯಾವುದನ್ನು ಕೊಳ್ಳಲಿ?

ಉತ್ತರ: ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಬಾಯಿ. ನಿಮ್ಮ ಹಣ ಈ ಕ್ರಮದಲ್ಲಿ ಖರ್ಚಾಗಲಿ. ಹೊಸದಾಗಿ ಪೋಲೊಗೆ ಇಳಿಯುವವರಲ್ಲಿ ಬಹಳಷ್ಟು ಮಂದಿ ಇದನ್ನು ತಿರುಗುಮುರುಗು ಮಾಡಿ, ಕುದುರೆ ನಿಲ್ಲಲಿಲ್ಲವೆಂದು ಒಂದರ ಮೇಲೊಂದು ಕಡಿವಾಣ ಕೊಳ್ಳುತ್ತಾರೆ, ಕಾಲಿಗೆ ಮಾತ್ರ ಕೈಗೆ ಸಿಕ್ಕಿದ ಬಟ್ಟೆ ಸುತ್ತುತ್ತಾರೆ. ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಿಬಿಡುತ್ತೇನೆ. ಸಾಮಾನು ಸರಿಯಾಗಿದೆಯೇ ಎಂಬುದು ಹಾಕಿದಾಗಲ್ಲ, ಬಿಚ್ಚಿದಾಗ ಗೊತ್ತಾಗುತ್ತದೆ. ಆಟ ಮುಗಿಸಿ ಬಂದ ಕುದುರೆಯ ಬೆನ್ನಿನ ಬೆವರು, ಕಾಲಿನ ಬಿಸಿ, ತುಟಿಯ ಅಂಚು, ಎದೆಯ ಕೂದಲು ಇವಿಷ್ಟನ್ನು ನೋಡಿ ಮುಟ್ಟಿ ಪರೀಕ್ಷಿಸುವ ಅಭ್ಯಾಸವಿದ್ದರೆ, ಯಾವ ಅಂಗಡಿಯವರೂ ನಿಮಗೆ ತಪ್ಪು ಸಾಮಾನನ್ನು ಎರಡನೆಯ ಬಾರಿ ಮಾರಲಾರರು.

ಕಾಲಿನ ವಿಷಯದಲ್ಲಿ ಮೊದಲ ಖರ್ಚು ಅಂಗಡಿಗಲ್ಲ, ವೈದ್ಯರಿಗೆ. ಎಡ ಮುಂಗಾಲಿನ ಹಿಂಬದಿಯ ಗುರುತು ಎಂದು ನೀವು ಬರೆದಿರುವುದು ಓಟದ ಕಾಲದಲ್ಲಿ ಸ್ನಾಯುರಜ್ಜುವಿಗೆ ಆದ ಪೆಟ್ಟಿನ ಶೇಷವಾಗಿರಬಹುದು, ಅಥವಾ ಬರೀ ಚರ್ಮದ ಗಂಟಾಗಿರಬಹುದು. ಹೊರಗಿನಿಂದ ಮುಟ್ಟಿ ಇದನ್ನು ಖಚಿತವಾಗಿ ಹೇಳಲಾಗದು. ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿದರೆ ರಜ್ಜುವಿನ ಎಳೆಗಳು ಹೇಗೆ ಕೂಡಿಕೊಂಡಿವೆ ಎಂಬುದು ಕಾಣುತ್ತದೆ. ರೇಸಿನ ಕುದುರೆಗಳನ್ನು ನೋಡಿ ಅನುಭವವಿರುವ ಪಶುವೈದ್ಯರು ಮೈಸೂರಿನಲ್ಲಿ ಸಿಗುತ್ತಾರೆ. ಅವರಿಂದ ಈ ಕೆಲಸ ಆಗುವವರೆಗೆ ಕುದುರೆಯನ್ನು ನೇರ ನಡಿಗೆ ಮತ್ತು ಕುಕ್ಕುಲೋಟವೆನ್ನುವ ನಿಧಾನದ ಟ್ರಾಟ್‌ಗಿಂತ ಮುಂದಕ್ಕೆ ಒಯ್ಯಬೇಡಿ. ನಾಗಾಲೋಟದಲ್ಲಿ ಒಂದೊಂದು ಮುಂಗಾಲಿನ ಮೇಲೂ ಕುದುರೆಯ ಸ್ವಂತ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. 450 ಕಿಲೋ ತೂಗುವ ಕುದುರೆಯೆಂದರೆ ಒಂದು ಟನ್ನಿಗೂ ಹೆಚ್ಚು. ಬಟ್ಟೆಯ ಪಟ್ಟಿಯಾಗಲಿ ಬೂಟಾಗಲಿ ಆ ಭಾರದಲ್ಲಿ ಹೇಳಿಕೊಳ್ಳುವಷ್ಟು ಪಾಲನ್ನು ಹೊರುವುದಿಲ್ಲ. "ಪಟ್ಟಿ ಬಿಗಿದರೆ ಕಾಲಿಗೆ ಆಸರೆ" ಎಂಬ ನಂಬಿಕೆ ಲಾಯಗಳಲ್ಲಿ ಇನ್ನೂ ಗಟ್ಟಿಯಾಗಿದೆ. ನೀವು ಅದನ್ನು ನಂಬಿ ದುರ್ಬಲ ಕಾಲನ್ನು ಆಟಕ್ಕೆ ಇಳಿಸಬೇಡಿ.

ಹಾಗಾದರೆ ಪಟ್ಟಿ ಏತಕ್ಕೆ? ಪೆಟ್ಟು ತಡೆಯುವುದಕ್ಕೆ. ಪೋಲೊದಲ್ಲಿ ಕುದುರೆಯ ಕಾಲಿಗೆ ಪೆಟ್ಟು ಮೂರು ಕಡೆಯಿಂದ ಬರುತ್ತದೆ: ಬೀಸಿದ ಕೋಲು, ಗಂಟೆಗೆ 100 ಕಿ.ಮೀ. ಮೀರಿದ ವೇಗದಲ್ಲಿ ಬರುವ, ಸುಮಾರು 120 ಗ್ರಾಂ ತೂಕದ ಗಟ್ಟಿ ಪ್ಲಾಸ್ಟಿಕ್ ಚೆಂಡು, ಮತ್ತು ಗೊರಸು. ಆ ಗೊರಸು ಎದುರಾಳಿಯ ಕುದುರೆಯದಾಗಿರಬಹುದು, ಅದೇ ಕುದುರೆಯ ಹಿಂಗಾಲಿನದೂ ಆಗಿರಬಹುದು. ಮಂಡಿಯ ಕೆಳಗೆ ಕುದುರೆಯ ಕಾಲಿನಲ್ಲಿ ಮಾಂಸವೇ ಇಲ್ಲ. ಚರ್ಮ ಸರಿಸಿದರೆ ಮೂಳೆ ಮತ್ತು ರಜ್ಜು ಮಾತ್ರ. ಆದ್ದರಿಂದಲೇ ಆಟದ ನಿಯಮಗಳು ನಾಲ್ಕೂ ಕಾಲಿಗೆ ಪಟ್ಟಿ ಅಥವಾ ಬೂಟು ಕಡ್ಡಾಯವೆನ್ನುತ್ತವೆ. ಮುಂಗಾಲಿಗೆ ಕಟ್ಟಿ ಹಿಂಗಾಲನ್ನು ಬಿಡುವ ರೂಢಿ ಅಭ್ಯಾಸದ ದಿನಗಳಲ್ಲೂ ಬೇಡ.

ಪಟ್ಟಿಯೋ ಬೂಟೋ ಎಂಬುದು ಕಟ್ಟುವ ಕೈಯನ್ನು ಅವಲಂಬಿಸಿದೆ. ಉಣ್ಣೆ ಅಥವಾ ಫ್ಲೀಸ್ ಬಟ್ಟೆಯ ಪೋಲೊ ಬ್ಯಾಂಡೇಜು ಸುಮಾರು ಮೂರು ಮೀಟರ್ ಉದ್ದವಿರುತ್ತದೆ. ಇದನ್ನು ಮಂಡಿಯ ಕೆಳಗೆ ಕಾಲಿನ ಮಗ್ಗುಲಲ್ಲಿ ಆರಂಭಿಸಿ, ಮುಂದಿನಿಂದ ಹಿಂದಕ್ಕೆ ಸುತ್ತುತ್ತಾ, ಪ್ರತಿ ಸುತ್ತೂ ಹಿಂದಿನ ಸುತ್ತನ್ನು ಅರ್ಧ ಮುಚ್ಚುವಂತೆ ಕೆಳಗಿನ ಗಿಣ್ಣಿನವರೆಗೆ ಇಳಿಸಿ, ಗಿಣ್ಣಿನ ಹಿಂಬದಿಯನ್ನು ತಬ್ಬಿಸಿ, ಮತ್ತೆ ಮೇಲಕ್ಕೆ ತರಬೇಕು. ಮೇಲಿನಿಂದ ನೋಡಿದರೆ ಎಡಗಾಲಿಗೆ ಅಪ್ರದಕ್ಷಿಣವಾಗಿಯೂ ಬಲಗಾಲಿಗೆ ಪ್ರದಕ್ಷಿಣವಾಗಿಯೂ ಸುತ್ತು ಬರುತ್ತದೆ. ಎಳೆತವೆಲ್ಲ ಮುಂದಿನ ಮೂಳೆಯ ಮೇಲೆ ಬೀಳಬೇಕು. ಹಿಂದಿನ ರಜ್ಜುವಿನ ಮೇಲೆ ಬಟ್ಟೆ ಸುಮ್ಮನೆ ಕೂತಿರಬೇಕು. ಎಲ್ಲಿಯೂ ಸುಕ್ಕು, ಮಡಿಕೆ, ಒಳಗೆ ಸಿಕ್ಕಿದ ಹುಲ್ಲುಕಡ್ಡಿ ಇರಕೂಡದು. ಕಟ್ಟಿದ ಮೇಲೆ ಮೇಲಂಚಿನಲ್ಲಿ ಒಂದು ಬೆರಳು ತೂರುವಷ್ಟು ಸಡಿಲವಿರಲಿ. ತುದಿಯನ್ನು ಹೊರಮಗ್ಗುಲಲ್ಲಿ ಮುಗಿಸಿ, ಮೇಲೊಂದು ಅಂಟುಪಟ್ಟಿ ಸುತ್ತುವುದು ವಾಡಿಕೆ; ಆ ಅಂಟುಪಟ್ಟಿ ಬಟ್ಟೆಗಿಂತ ಬಿಗಿಯಾದರೆ ದಾರ ಕಟ್ಟಿದಂತೆ ರಜ್ಜುವನ್ನು ಕೊರೆಯುತ್ತದೆ. ಸಡಿಲವಾಗಿ ಕಟ್ಟಿದ್ದು ಇನ್ನೂ ಅಪಾಯ. ಓಟದ ನಡುವೆ ಬಿಚ್ಚಿದ ಪಟ್ಟಿಯ ತುದಿಯನ್ನು ಹಿಂಗಾಲು ತುಳಿದರೆ ಕುದುರೆ, ಸವಾರ ಇಬ್ಬರೂ ನೆಲಕ್ಕೆ.

ನಿಮ್ಮ ಕುದುರೆ ನೋಡಿಕೊಳ್ಳುವ ಸೈಸ್‌ಗೆ ಈ ಕೈಕೆಲಸ ಬರದಿದ್ದರೆ, ಕಲಿಯುವವರೆಗೆ ಗಟ್ಟಿ ಹೊರಕವಚವಿರುವ ಬೂಟುಗಳೇ ವಾಸಿ. ಅವನ್ನು ಕಟ್ಟುವಲ್ಲಿ ತಪ್ಪಾಗುವ ಅವಕಾಶ ಕಡಿಮೆ. ಪಂದ್ಯಗಳಲ್ಲಿ ಪಟ್ಟಿಯ ಮೇಲೆ ಬೂಟು ಹಾಕುವುದೂ ಉಂಟು. ಆದರೆ ಮಂಡ್ಯದ ಬೇಸಿಗೆಯಲ್ಲಿ ಎರಡನ್ನೂ ಸೇರಿಸುವ ಮುನ್ನ ಯೋಚಿಸಿ. ಓಡುವ ಕುದುರೆಯ ಮುಖ್ಯ ಸ್ನಾಯುರಜ್ಜುವಿನ ಒಳಭಾಗ ಬರಿಗಾಲಿನಲ್ಲೇ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅಲ್ಲಿ ರಕ್ತ ಸಂಚಾರ ಕಡಿಮೆಯಾದ್ದರಿಂದ ಬಿಸಿ ಬೇಗ ಇಳಿಯುವುದಿಲ್ಲ, ಮೇಲೆ ದಪ್ಪ ಹೊದಿಕೆಯಿದ್ದರಂತೂ ಇನ್ನಷ್ಟು ನಿಧಾನ. ಒಂದು ಚಕ್ಕರ್, ಅಂದರೆ ಆಟದ ಒಂದು ಸುತ್ತು, ಸುಮಾರು ಏಳು ನಿಮಿಷದ್ದು. ಅದು ಮುಗಿದು ಕುದುರೆಗೆ ಬಿಡುವು ಸಿಕ್ಕ ಕೂಡಲೇ ಪಟ್ಟಿ ಬಿಚ್ಚಿ ಕಾಲಿಗೆ ತಣ್ಣೀರು ಹಾಯಿಸಿ, ಬರಿಗೈಯಲ್ಲಿ ಎರಡೂ ಮುಂಗಾಲುಗಳನ್ನು ಹೋಲಿಸಿ ನೋಡಿ. ಎಡಗಾಲು ಬಲಗಾಲಿಗಿಂತ ಬಿಸಿಯಾಗಿ ಉಳಿದರೆ ಆ ದಿನದ ಆಟ ಮುಗಿಯಿತು. ಒದ್ದೆಯಾದ ಫ್ಲೀಸ್ ಪಟ್ಟಿಯನ್ನು ಕಾಲಲ್ಲೇ ಬಿಟ್ಟು ಚಹಾ ಕುಡಿಯಲು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮುಂಗಾಲಿನ ಗೊರಸಿಗೆ ಗಂಟೆಯಾಕಾರದ ರಬ್ಬರ್ ಬೂಟು ಬೇಕೇ ಎಂಬುದಕ್ಕೆ ಹಿಮ್ಮಡಿಯೇ ಉತ್ತರ. ಥಟ್ಟನೆ ನಿಲ್ಲುವ, ತಿರುಗುವ ಅಭ್ಯಾಸದಲ್ಲಿ ಹಿಂಗಾಲಿನ ಲಾಳ ಮುಂಗಾಲಿನ ಹಿಮ್ಮಡಿಯನ್ನು ತಾಗಿ ಗೀಚು ಬಿದ್ದಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಹಣ ಉಳಿಸಿ. ಲಾಳದ ಮಾತು ಬೇರೆ. ರೇಸಿನಲ್ಲಿ ಹಾಕಿರುವ ಹಗುರವಾದ ಅಲ್ಯೂಮಿನಿಯಂ ಲಾಳ ಇನ್ನೂ ಇದ್ದರೆ ತೆಗೆಸಿ. ಮೈಸೂರಿನಲ್ಲಿ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುವ ನುರಿತವರಿದ್ದಾರೆ, ಆದರೆ ಅವರ ಲೆಕ್ಕ ಟಾರು ರಸ್ತೆಯದು, ನಿಮ್ಮದು ಹುಲ್ಲು ನೆಲದ್ದು. ಪೋಲೊ ಲಾಳಕ್ಕೆ ಒಳ ಅಂಚಿನಲ್ಲಿ ಏಣು, ಅಂದರೆ ಉಬ್ಬಿದ ಗೆರೆ, ಇರುತ್ತದೆ. ಅದು ತಿರುಗುವಾಗ ನೆಲ ಹಿಡಿಯುತ್ತದೆ. ಹೊರ ಅಂಚಿನಲ್ಲಿ ಏಣು ಇರುವಂತಿಲ್ಲ, ಏಕೆಂದರೆ ಪಕ್ಕದ ಕುದುರೆಯ ಕಾಲನ್ನು ಅದು ಕೊಯ್ಯುತ್ತದೆ. ಹೆಚ್ಚಿನ ಹಿಡಿತಕ್ಕಾಗಿ ಗುಬುಟು (ಸ್ಟಡ್) ಹಾಕಿಸುವುದಿದ್ದರೆ ಹಿಂಗಾಲಿನ ಲಾಳದ ಹೊರ ಹಿಮ್ಮಡಿಗೆ ಮಾತ್ರ ನಿಯಮದಲ್ಲಿ ಅವಕಾಶವಿದೆ. ಈಗಿನ ನಿಮ್ಮ ಹಂತಕ್ಕೆ ಅದೂ ಬೇಡ.

ಇನ್ನು ಬೆನ್ನು. ನಿಮ್ಮ ಪರಿಚಿತರು ಕೊಡುತ್ತೇನೆಂದಿರುವ ಅಶ್ವದಳದ ಜೀನು ಕೆಟ್ಟ ವಸ್ತುವೇನಲ್ಲ. ಅದರ ಕೆಲಸ ಬೇರೆ. ಉಕ್ಕಿನ ಎರಡು ಕಮಾನುಗಳನ್ನು ಮರದ ಪಕ್ಕಪಟ್ಟಿಗಳಿಗೆ ಜೋಡಿಸಿ, ಮಡಿಸಿದ ಕಂಬಳಿಯ ಮೇಲೆ ಕೂರುವಂತೆ ಮಾಡಿದ ಆ ಜೀನನ್ನು, 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್‌ನಂತಹ ಪಡೆಗಳ ಅಗತ್ಯಕ್ಕಾಗಿ, ಅಂದರೆ ಆಯುಧ, ನೀರು, ಮೇವುಗಳ ಹೊರೆಯೊಂದಿಗೆ ಸವಾರ ದಿನಗಟ್ಟಲೆ ಕೂತು ಸಾಗುವುದಕ್ಕಾಗಿ ರೂಪಿಸಲಾಗಿತ್ತು. ಅದರಲ್ಲಿ ಸವಾರ ಎತ್ತರದಲ್ಲಿ, ಒಂದೇ ಜಾಗದಲ್ಲಿ ಭದ್ರವಾಗಿ ಕೂರುತ್ತಾನೆ. ಪೋಲೊದಲ್ಲಿ ನೀವು ಕೂರುವುದಕ್ಕಿಂತ ಹೆಚ್ಚಾಗಿ ಪಾದವಿಡುವ ರಿಕಾಬಿನ ಮೇಲೆ ಅರೆನಿಂತಿರುತ್ತೀರಿ. ಚೆಂಡು ಕುದುರೆಯ ಯಾವ ಮಗ್ಗುಲಿಗೆ ಬಂದರೂ ಸೊಂಟದಿಂದ ಹೊರಕ್ಕೆ ಬಾಗಬೇಕು. ಅದಕ್ಕೆ ತಗ್ಗಾದ, ಚಪ್ಪಟೆ ಆಸನದ, ಮೊಣಕಾಲಿನ ಮುಂದೆ ಉಬ್ಬು ದಿಂಬಿಲ್ಲದ ಪೋಲೊ ಜೀನು ಬೇಕು. ರೇಸಿನ ಜೀನಂತೂ ಪ್ರಶ್ನೆಯೇ ಅಲ್ಲ. ಸದ್ಯಕ್ಕೆ ನಿಮ್ಮಲ್ಲಿ ಸಾಮಾನ್ಯ ಸವಾರಿಯ ಇಂಗ್ಲಿಷ್ ಜೀನಿದ್ದು ಅದು ಬೆನ್ನಿಗೆ ಹೊಂದುತ್ತಿದ್ದರೆ ನಿಧಾನದ ಅಭ್ಯಾಸಕ್ಕೆ ಸಾಕು.

ರೇಸ್ ಬಿಟ್ಟ ಥರೋಬ್ರೆಡ್‌ಗಳ ಬೆನ್ನು ಒಂದು ಸಮಸ್ಯೆ. ಕುತ್ತಿಗೆ ಬೆನ್ನನ್ನು ಕೂಡುವಲ್ಲಿನ ಏರು, ಅಂದರೆ ವಿದರ್ಸ್, ಎತ್ತರವಾಗಿರುತ್ತದೆ. ಅದರ ಹಿಂದಿನ ಎರಡು ಮಗ್ಗುಲು ಗುಳಿ ಬಿದ್ದಿರುತ್ತವೆ. ನೀವು ಸವಾರಿಗೆ ಕುಳಿತಾಗಲೂ ಜೀನಿನ ಮುಂಗಮಾನಿಗೂ ಆ ಏರಿಗೂ ನಡುವೆ ಎರಡು ಮೂರು ಬೆರಳಿನಷ್ಟು ತೆರವಿರಬೇಕು, ಹಿಂದಿನಿಂದ ನೋಡಿದರೆ ಬೆನ್ನುಮೂಳೆಯ ಉದ್ದಕ್ಕೂ ಬೆಳಕು ಕಾಣಬೇಕು. ಒಳ್ಳೆಯ ಮೇವು ಮತ್ತು ಕ್ರಮವಾದ ಕೆಲಸ ಸಿಕ್ಕಿದ ಮೇಲೆ ಕೆಲವೇ ತಿಂಗಳಲ್ಲಿ ಆ ಗುಳಿಗಳು ತುಂಬಿಕೊಂಡು ಬೆನ್ನಿನ ಆಕಾರವೇ ಬದಲಾಗುತ್ತದೆ. ಆದ್ದರಿಂದ ಇವತ್ತಿನ ಅಳತೆಗೆ ದುಬಾರಿ ಜೀನು ಮಾಡಿಸಬೇಡಿ. ಸ್ಯಾಡ್ಲರಿ, ಅಂದರೆ ಜೀನು ಮತ್ತಿತರ ತೊಗಲು ಸಾಮಾನಿನ ಕೆಲಸಕ್ಕೆ ಹೆಸರಾದ, ಭೌಗೋಳಿಕ ಸೂಚ್ಯಂಕವನ್ನೂ ಪಡೆದಿರುವ ಕಾನ್ಪುರದಲ್ಲಿ ತಯಾರಾಗುವ ಮಧ್ಯಮ ಬೆಲೆಯ ಪೋಲೊ ಜೀನನ್ನೋ, ಒಳ್ಳೆಯ ಸ್ಥಿತಿಯ ಬಳಸಿದ ಜೀನನ್ನೋ ತೆಗೆದುಕೊಳ್ಳಿ; ತೆರವು ಸಾಲದ ಜೀನನ್ನು ಮಾತ್ರ ಬಳಸಲೇಬೇಡಿ. ಬಿಗಿಯಾದ ಜೀನಿನ ಕೆಳಗೆ ಇನ್ನೊಂದು ಕಂಬಳಿ ತುರುಕಿದರೆ ಬಿಗಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕೆಳಗಿನ ಹೊದಿಕೆ ಹತ್ತಿಯದೋ ಉಣ್ಣೆಯದೋ ಆಗಿರಲಿ. ಜೀನು ಇಟ್ಟ ಮೇಲೆ ಆ ಹೊದಿಕೆಯನ್ನು ಮುಂಗಮಾನಿನ ಒಳಕ್ಕೆ ಮೇಲೆತ್ತಿಬಿಡಿ, ಏರಿನ ಮೇಲೆ ಬಿಗಿದು ಕೂರಬಾರದು.

ಸವಾರಿ ಮುಗಿಸಿ ಜೀನು ತೆಗೆದಾಗ ಬೆವರಿನ ಗುರುತನ್ನು ನೋಡಿ. ಎರಡೂ ಮಗ್ಗುಲು ಸಮನಾಗಿ ಒದ್ದೆಯಾಗಿ, ಬೆನ್ನುಮೂಳೆಯ ಸಾಲು ಮಾತ್ರ ಒಣಗಿದ್ದರೆ ಸರಿ. ಒದ್ದೆಯ ನಡುವೆ ಅಂಗೈಯಗಲದ ಒಣ ತುಣುಕು ಕಂಡರೆ, ಅಲ್ಲಿ ಒತ್ತು ಅತಿಯಾಗಿದೆ ಅಥವಾ ಜೀನು ಅಲ್ಲಿ ತಾಗುತ್ತಲೇ ಇಲ್ಲ. ಮುಟ್ಟಿ ಒತ್ತಿದಾಗ ಕುದುರೆ ಬೆನ್ನು ತಗ್ಗಿಸಿದರೆ ಮೊದಲನೆಯದು. ನಿಮ್ಮ ಕುದುರೆಯ ವಿದರ್ಸ್ ಬಳಿ ಬಿಳಿ ಕೂದಲಿನ ಮಚ್ಚೆಗಳಿದ್ದರೆ, ಹಿಂದೆ ಯಾರದೋ ಜೀನು ಅಲ್ಲಿ ಒತ್ತಿತ್ತೆಂದು ಅರ್ಥ.

ಹೊಟ್ಟೆಪಟ್ಟಿಯನ್ನು ಒಂದೇ ಸಲಕ್ಕೆ ಬಿಗಿಯಬೇಡಿ. ಸ್ವಲ್ಪ ಬಿಗಿದು, ನಡೆಸಿ, ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದು ಚರ್ಮದ ಸುಕ್ಕು ಬಿಡಿಸಿ, ಹತ್ತಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಪೋಲೊದಲ್ಲಿ ಇದರ ಜೊತೆಗೆ ಜೀನಿನ ಮೇಲಿನಿಂದಲೇ ಹೊಟ್ಟೆಯನ್ನು ಸುತ್ತಿ ಬರುವ ಇನ್ನೊಂದು ಪಟ್ಟಿ ಬೇಕು. ಸರ್ಸಿಂಗಲ್ ಅಥವಾ ಓವರ್‌ಗರ್ತ್ ಎನ್ನುವ ಈ ಪಟ್ಟಿ, ಒಳಗಿನ ಬಕಲು ಹರಿದರೆ ಜೀನನ್ನು ಹಿಡಿದಿಡುವ ಏಕೈಕ ವಸ್ತು. ಎದುರಾಳಿ ಪೂರ್ಣ ವೇಗದಲ್ಲಿ ಭುಜಕ್ಕೆ ಭುಜ ಕೊಟ್ಟು ತಳ್ಳುವ ಆಟದಲ್ಲಿ ಇದಿಲ್ಲದೆ ಇಳಿಯುವುದು ಬೇಡ. ಬೆಲೆ ಅಲ್ಪ, ಪೋಲೊ ಜೀನಿನೊಂದಿಗೇ ಕೊಳ್ಳಿ. ರಿಕಾಬಿನ ತೊಗಲುಗಳಲ್ಲಿ ಎಡಗಡೆಯದು, ಹತ್ತುವಾಗಿನ ಭಾರಕ್ಕೆ, ಬೇಗ ಉದ್ದವಾಗುತ್ತದೆ. ಆಗಾಗ ಎಡಬಲ ಬದಲಿಸುತ್ತಿರಿ. ರಿಕಾಬು ಭಾರವಾದ ಉಕ್ಕಿನದಾಗಿದ್ದು, ಬೂಟಿನ ಎರಡೂ ಬದಿಗೆ ಒಂದೊಂದು ಸೆಂಟಿಮೀಟರ್ ಬಿಡುವಿರಲಿ, ಬಿದ್ದಾಗ ಪಾದ ಸಿಕ್ಕಿಕೊಳ್ಳಬಾರದು. ಎದೆಪಟ್ಟಿ ಜೀನು ಹಿಂದಕ್ಕೆ ಜಾರದಂತೆ ತಡೆಯುತ್ತದೆ. ಅದು ಕೊರಳ ನಳಿಗೆಗೂ ಏರಬಾರದು, ಭುಜದ ಗೆಣ್ಣಿಗೂ ಇಳಿಯಬಾರದು.

ಸ್ಟ್ಯಾಂಡಿಂಗ್ ಮಾರ್ಟಿಂಗೇಲ್ ಎಂಬ ತೊಗಲು ಹೊಟ್ಟೆಪಟ್ಟಿಯಿಂದ ಹೊರಟು ಮುಂಗಾಲುಗಳ ನಡುವೆ ಹಾದು ಮೂಗುಪಟ್ಟಿಗೆ ಸೇರುತ್ತದೆ. ಥಟ್ಟನೆ ನಿಲ್ಲಿಸಿದಾಗ ಕುದುರೆ ತಲೆಯೆತ್ತಿ ಬಾಗಿರುವ ಸವಾರನ ಮುಖಕ್ಕೆ ಬಡಿಯದಿರಲಿ ಎಂಬುದು ಉದ್ದೇಶ. ಕುದುರೆ ಸಹಜವಾಗಿ ನಿಂತಿರುವಾಗ ಈ ತೊಗಲನ್ನು ಮೇಲೆತ್ತಿದರೆ ಗಂಟಲಿನವರೆಗೆ ಮುಟ್ಟಬೇಕು. ಮೋಟು ಮಾಡಿ ತಲೆಯನ್ನು ಕೆಳಗೆ ಕಟ್ಟಿಹಾಕಿದರೆ, ನಿಲ್ಲುವುದಕ್ಕೂ ತಿರುಗುವುದಕ್ಕೂ ಕುತ್ತಿಗೆಯಿಂದಲೇ ಸಮತೋಲ ಹಿಡಿಯುವ ಪ್ರಾಣಿ ಅದನ್ನು ಕಳೆದುಕೊಳ್ಳುತ್ತದೆ. ಇದನ್ನು ಮೇಲಿನ ಕ್ಯಾವಿಸನ್ ಮೂಗುಪಟ್ಟಿಗೆ ಮಾತ್ರ ಕಟ್ಟಬೇಕು. ಮೂಗಿನ ಮೂಳೆ ಮುಗಿದು ಮೆತ್ತಗಾಗುವ ಕಡೆ ಕೂರುವ ಡ್ರಾಪ್ ಮೂಗುಪಟ್ಟಿಗೆ ಎಂದಿಗೂ ಬೇಡ. ಮೂಗಿನ ಮೂಳೆಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗಬೇಕು.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ: ಕುದುರೆ ನಿಲ್ಲುವುದಿಲ್ಲ. ಅದು ಹಟವಲ್ಲ, ಪಾಠ. ರೇಸಿನಲ್ಲಿ ಜಾಕಿ ಲಗಾಮು ಬಿಗಿಹಿಡಿದಷ್ಟೂ ಕುದುರೆ ಕಡಿವಾಣದ ಮೇಲೆ ಭಾರ ಹಾಕಿ ಮುಂದೆ ನುಗ್ಗುವುದನ್ನು ಕಲಿತಿರುತ್ತದೆ. ನೀವು ಎಳೆದಾಗ ಅದು ಓಡುತ್ತಿರುವುದು ಕಲಿತದ್ದನ್ನು ಒಪ್ಪಿಸುವುದಕ್ಕಾಗಿ. ಇಂಥ ಬಾಯಿಗೆ ಗಟ್ಟಿ ಕಡಿವಾಣ ಹಾಕಿದರೆ ನೋವಿನಿಂದ ತಲೆಯೆತ್ತುತ್ತದೆ, ನೀವು ಮಾರ್ಟಿಂಗೇಲ್ ಮೋಟು ಮಾಡುತ್ತೀರಿ, ಅದು ಬಾಯಿ ತೆರೆಯುತ್ತದೆ, ನೀವು ಮೂಗುಪಟ್ಟಿ ಬಿಗಿಯುತ್ತೀರಿ. ಹೀಗೆ ಒಂದೊಂದೇ ಸಾಮಾನು ಕೊಳ್ಳುತ್ತಾ ಹೋಗಿ ಕೊನೆಗೆ ಕುದುರೆಯೂ ಕೆಡುತ್ತದೆ, ಹಣವೂ ಕರಗುತ್ತದೆ. ಸರಪಳಿ, ಸನ್ನೆ ಯಾವುದೂ ಇಲ್ಲದ ಸರಳ ಕಡಿವಾಣವಾದ, ದಪ್ಪ, ನುಣುಪಾದ ಸ್ನ್ಯಾಫಲ್‌ನಲ್ಲಿಯೇ ಆರಂಭಿಸಿ. ಮೈಭಾರ ಹಿಂದಕ್ಕೆ ತಂದಾಗ ನಡಿಗೆಯಿಂದ ನಿಲ್ಲುವುದು, ನಿಂತ ಕ್ಷಣವೇ ಲಗಾಮು ಸಡಿಲವಾಗುವುದು, ಇದು ನೂರಾರು ಬಾರಿ ಆಗಲಿ. ಅದಕ್ಕೂ ಮೊದಲು ಹಲ್ಲು ನೋಡಿಸಿ; ದವಡೆಹಲ್ಲಿನ ಚೂಪು ಅಂಚು ಕೆನ್ನೆ ಗೀರುತ್ತಿದ್ದರೆ ಯಾವ ಕಡಿವಾಣವೂ ಒಗ್ಗುವುದಿಲ್ಲ.

ಮುಂದೆ ಕ್ಯಾಂಟರಿನಲ್ಲೂ, ಅಂದರೆ ನಾಗಾಲೋಟಕ್ಕಿಂತ ನಿಧಾನದ ಓಟದಲ್ಲೂ, ಈ ಮಾತು ಅರ್ಥವಾಗತೊಡಗಿದ ಮೇಲೆ, ಪೋಲೊದಲ್ಲಿ ಬಹುವಾಗಿ ಬಳಸುವ ಗ್ಯಾಗ್ ಕಡಿವಾಣವನ್ನು ಪರಿಚಯಿಸಬಹುದು. ಅದರಲ್ಲಿ ತಲೆಪಟ್ಟಿಯ ಕೆನ್ನೆಯ ಎಳೆ ಕಡಿವಾಣದ ಬಳೆಯೊಳಗೆ ಜಾರುತ್ತದೆ. ಲಗಾಮು ಎಳೆದಾಗ ಕಡಿವಾಣ ತುಟಿಯ ಮೂಲೆಯಲ್ಲಿ ಮೇಲಕ್ಕೇರುತ್ತದೆ, ಅದೇ ಹೊತ್ತಿಗೆ ತಲೆಪಟ್ಟಿ ಕಿವಿಯ ಹಿಂದೆ ಕೆಳಕ್ಕೆ ಒತ್ತುತ್ತದೆ. ಆದ್ದರಿಂದಲೇ ಎರಡು ಜೊತೆ ಲಗಾಮು ಇರುತ್ತವೆ: ಒಂದು ನೇರವಾಗಿ ಬಳೆಗೆ, ಮೃದು ಮಾತಿಗೆ, ಇನ್ನೊಂದು ಜಾರುವ ಎಳೆಗೆ, ಅಗತ್ಯ ಬಿದ್ದಾಗ. ನಾಲ್ಕು ಎಳೆಗಳೂ ಎಡಗೈಯೊಂದರಲ್ಲೇ ಇರಬೇಕು, ಬಲಗೈ ಕೋಲಿಗೆ ಮೀಸಲು. ಪೆಲ್ಹಾಮ್ ಎಂಬುದು ಇನ್ನೊಂದು ಬಗೆ. ಉದ್ದ ಕಡ್ಡಿಯ ಸನ್ನೆಯಿಂದ ಗದ್ದದ ಕೆಳಗಿನ ಸರಪಳಿ ಬಿಗಿಯುತ್ತದೆ. ಆ ಸರಪಳಿಯನ್ನು ತಿರುಚಿ ಚಪ್ಪಟೆ ಮಾಡಿಯೇ ಕೊಕ್ಕೆಗೆ ಸಿಕ್ಕಿಸಬೇಕು. ಆಸರೆಗಾಗಿ ಲಗಾಮು ಹಿಡಿಯುವ ಸವಾರನ ಕೈಗೆ ಎರಡೂ ಕೊಡಬಾರದೆಂಬುದು ನನ್ನ ನಿಲುವು. ಕಡಿವಾಣ ತೆಗೆದಾಗ ತುಟಿಯ ಮೂಲೆಯಲ್ಲಿ ಕೆಂಪು ಗೀರು, ಒಸಡಿನಲ್ಲಿ ತರಚು, ನಾಲಿಗೆಯಲ್ಲಿ ನೀಲಿ ಕಂಡರೆ ವಾಸಿಯಾಗುವವರೆಗೆ ಬಾಯಿಗೆ ಏನೂ ಬೇಡ.

ಬ್ಲಿಂಕರನ್ನು ಮಾರಿಬಿಡಿ. ಕುದುರೆಯ ನೋಟವನ್ನು ಮರೆಮಾಡುವ ಬ್ಲಿಂಕರು, ಕುರಿತುಪ್ಪಳದ ದಪ್ಪ ಮೂಗುಪಟ್ಟಿ ಇವನ್ನು ಪೋಲೊ ನಿಯಮಗಳು ನಿಷೇಧಿಸುತ್ತವೆ. ಒಂದು ಕಣ್ಣು ಕಾಣದ ಕುದುರೆಯನ್ನೂ ಆಡಿಸುವಂತಿಲ್ಲ. ಮಗ್ಗುಲಿನಿಂದ ನುಗ್ಗಿ ಬರುವ ಎದುರಾಳಿಯನ್ನು ಕುದುರೆ ತಾನೇ ನೋಡಿ ಸಿದ್ಧವಾಗಬೇಕು. ಕುತ್ತಿಗೆಯ ಕೂದಲನ್ನು ಬುಡಕ್ಕೆ ಕತ್ತರಿಸುವುದು, ಬಾಲವನ್ನು ಹೆಣೆದು ಮೇಲಕ್ಕೆ ಮಡಿಸಿ ಪಟ್ಟಿ ಸುತ್ತುವುದು ಕೋಲಿಗೂ ಲಗಾಮಿಗೂ ಸಿಕ್ಕದಿರಲೆಂದು. ಆಟ ಮುಗಿದ ಕೂಡಲೇ ಬಾಲದ ಪಟ್ಟಿಯನ್ನು ಬಿಚ್ಚಿಬಿಡಿ. ಸವಾರನ ಹೆಲ್ಮೆಟ್, ಮೊಣಕಾಲ ಕವಚಗಳನ್ನು ನೀವು ಕೇಳಿಲ್ಲ, ಆದರೆ ಹೆಲ್ಮೆಟನ್ನು ಮಾತ್ರ ಬಳಸಿದ್ದನ್ನು ಕೊಳ್ಳಬೇಡಿ.

ತೊಗಲಿನ ಸಾಮಾನನ್ನು ಬಳಸಿದ್ದು ಕೊಳ್ಳುವುದಾದರೆ ಹೊಳಪಿಗೆ ಮರುಳಾಗದೆ ಮಡಿಕೆಗಳನ್ನು ನೋಡಿ. ಹೊಟ್ಟೆಪಟ್ಟಿ ಸೇರುವ ಬಿಲ್ಲೆಟ್ ತೊಗಲಿನ ತೂತುಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ, ಬಕಲಿನ ಬಳಿ ಬಗ್ಗಿಸಿದಾಗ ಬಿರುಕು ಕಂಡರೆ, ಹೊಲಿಗೆಯನ್ನು ಉಗುರಿನಿಂದ ಕೆದಕಿದಾಗ ಎಳೆ ಮೇಲೆದ್ದರೆ ಬೇಡವೆನ್ನಿ. ನಮ್ಮ ಕಡೆ ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಪ್ರತಿ ಸವಾರಿಯ ಬಳಿಕ ಒದ್ದೆ ಬಟ್ಟೆಯಿಂದ ಬೆವರು ಒರೆಸಿ, ಸ್ಯಾಡಲ್ ಸೋಪು ಹಚ್ಚಿ, ಗಾಳಿಯಾಡುವ ನೆರಳಲ್ಲಿ ತೂಗುಹಾಕಿ. ಬಿಸಿಲಿಗೆ ಹಾಕಿದರೆ ಒಡೆಯುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕೊಳೆಯುತ್ತದೆ.

ಹೀಗಾಗಿ ಈ ತಿಂಗಳ ಖರ್ಚು ಸ್ಕ್ಯಾನ್, ಹಲ್ಲು, ಲಾಳ ಮತ್ತು ನಾಲ್ಕು ಕಾಲಿನ ಬೂಟು ಅಥವಾ ಪಟ್ಟಿ. ವೈದ್ಯರು ಒಪ್ಪಿದ ಮೇಲೆ ಜೀನು, ಸರ್ಸಿಂಗಲ್, ಎದೆಪಟ್ಟಿ. ಮಾರ್ಟಿಂಗೇಲ್ ಕೋಲು ಹಿಡಿಯುವ ಹಂತಕ್ಕೆ. ಗ್ಯಾಗ್ ಅದಕ್ಕೂ ಆಮೇಲೆ. ಅಶ್ವದಳದ ಜೀನನ್ನು ವಿನಯದಿಂದಲೇ ಬೇಡವೆನ್ನಿ. ಅದರ ರಿಕಾಬುಗಳು ತುಕ್ಕಿಲ್ಲದ ಉಕ್ಕಿನವಾಗಿದ್ದು ನಿಮ್ಮ ಬೂಟಿಗೆ ಬಿಡುವಾಗಿ ಹಿಡಿಸುವಂತಿದ್ದರೆ, ಅವನ್ನಷ್ಟೇ ಬಿಡಿಯಾಗಿ ಕೊಡುತ್ತಾರೆಯೇ ಎಂದು ನಿಮ್ಮ ಪರಿಚಿತರನ್ನು ಕೇಳಿ ನೋಡಿ.